ಬಾವಿಗೆ ಮದ್ದು ಹಾಕುವುದು

ನಮ್ಮ ಊರಿನಲ್ಲಿ ಬಾವಿಯ ನೀರನ್ನು ಪರೀಕ್ಷೆ ಮಾಡುವುದೆಂದರೆ ಒಂದು ಬೊಗಸೆ ಕುಡಿದು ನೋಡುವುದು. ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಸಮುದ್ರ ಸೇರುವ ಅಳಿವೆಯ ದಂಡೆಯ ಮೇಲಿನ ಊರು ಇದು. ಇಲ್ಲಿ ನೀರಿನ ವಿಷಯದಲ್ಲಿ ಜನಕ್ಕೆ ಇರುವುದು ಒಂದೇ ಭಯ, ಉಪ್ಪು. ಏಪ್ರಿಲ್ ಬಂತೆಂದರೆ ಯಾರ ಬಾವಿ ಉಪ್ಪಾಯಿತು, ಯಾರದು ಇನ್ನೂ ಸಿಹಿಯಾಗಿದೆ ಎಂಬುದು ಮದುವೆಯ ಊಟದ ಪಂಕ್ತಿಯಲ್ಲೂ ಮಾತಿಗೆ ಬರುತ್ತದೆ. ನಮ್ಮ ಬಾವಿ ನಡುಬೇಸಗೆಯಲ್ಲೂ ಸಿಹಿ. ಅದರ ಬಗ್ಗೆ ನನ್ನ ಅತ್ತೆಗೆ ಇರುವಷ್ಟು ಹೆಮ್ಮೆ ಅವರ ಗಂಡುಮಕ್ಕಳ ಬಗ್ಗೆಯೂ ಇದ್ದಂತಿಲ್ಲ. ಗಜನಿ ಗದ್ದೆಯ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯ, ಅಂಚಿನ ನಾಲ್ಕಾರು ಮನೆಯವರು ಬೇಸಗೆಯಲ್ಲಿ ಕುಡಿಯುವ ನೀರಿಗೆ ನಮ್ಮಲ್ಲಿಗೇ ಬರುತ್ತಾರೆ.

ಹಾಗೆಂದು ಅಂಗಳಕ್ಕೆ ನಳ ಬಂದಿಲ್ಲವೆಂದಲ್ಲ. ಬಂದಿದೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್ ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ನಡೆಯಿತು. ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕೆಂಬುದು ಅದರ ಲೆಕ್ಕ. ನಮ್ಮ ಅಂಗಳದ ಮೂಲೆಯಲ್ಲೂ ಒಂದು ಸಿಮೆಂಟು ಕಂಬ, ಅದಕ್ಕೊಂದು ನಳ ನಿಂತವು. ಆ ನೀರಿನಲ್ಲಿ ನಾವು ಪಾತ್ರೆ ತೊಳೆದೆವು, ಎಮ್ಮೆ ಮೈ ತೊಳೆದೆವು. ಕುಡಿಯಲಿಲ್ಲ. “ಆ ನೀರಿಗೆ ಮದ್ದಿನ ವಾಸನೆ” ಎಂದು ಅತ್ತೆ ತೀರ್ಪು ಕೊಟ್ಟ ಮೇಲೆ ಮನೆಯಲ್ಲಿ ಮೇಲ್ಮನವಿಗೆ ಅವಕಾಶವಿಲ್ಲ.

ಅದೇ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ನೀರು ಪರೀಕ್ಷೆ ಮಾಡುವುದನ್ನು ಕಲಿಸುತ್ತಾರೆ. ನಮ್ಮ ಊರಿನ ಐವರಲ್ಲಿ ನಾನೂ ಒಬ್ಬಳಾದೆ. ಪಿಯುಸಿ ಓದಿದವಳು, ಮನೆಯಲ್ಲಿ ಖಾಲಿ ಇರುತ್ತಾಳೆ ಎಂಬುದು ಆಯ್ಕೆಗೆ ಕಾರಣ. ಎರಡನೆಯದು ಯಾರ ಅಭಿಪ್ರಾಯವೋ ಗೊತ್ತಿಲ್ಲ, ಎಮ್ಮೆ ಕಟ್ಟಿದ ಮನೆಯ ಸೊಸೆಯನ್ನು ಅವರು ನೋಡಿದಂತಿಲ್ಲ. ಪಂಚಾಯಿತಿಯ ಸಭಾಭವನದಲ್ಲಿ ತರಬೇತಿ ನಡೆಯಿತು. ಒಂದು ಪೆಟ್ಟಿಗೆಯ ತುಂಬ ಸಣ್ಣ ಸಣ್ಣ ಸೀಸೆಗಳು, ಬಣ್ಣದ ಪಟ್ಟಿಗಳು. ಕ್ಲೋರೈಡ್, ಗಡಸುತನ, ಕಬ್ಬಿಣ, ಫ್ಲೋರೈಡ್, ನೈಟ್ರೇಟ್ ಎಲ್ಲದಕ್ಕೂ ಹನಿ ಹಾಕಿ ಬಣ್ಣ ನೋಡಿ ಹೇಳುವ ಕ್ರಮ. ಅದರ ಜೊತೆಗೆ ಬೇರೆಯಾಗಿ ಕೊಟ್ಟದ್ದು ಎಚ್‌ಟುಎಸ್ ಬಾಟಲಿ.

ಈ ಬಾಟಲಿಯ ಕೆಲಸ ಸರಳ. ಒಳಗೆ ಔಷಧಿ ಹೀರಿಕೊಂಡ ಕಾಗದದ ತುಂಡೊಂದು ಇರುತ್ತದೆ. ಗೆರೆಯವರೆಗೆ ನೀರು ತುಂಬಿ, ಮುಚ್ಚಳ ಬಿಗಿದು, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ನೀರಿನಲ್ಲಿ ಮಲದ ಮೂಲದ ಬ್ಯಾಕ್ಟೀರಿಯಾಗಳಿದ್ದರೆ ಅವು ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತವೆ. ಅದು ಕಾಗದದಲ್ಲಿರುವ ಕಬ್ಬಿಣದ ಲವಣದೊಂದಿಗೆ ಸೇರಿ ನೀರು ಕಪ್ಪಾಗುತ್ತದೆ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯದವರು 1982ರಲ್ಲಿ ಪ್ರಕಟಿಸಿದ ವಿಧಾನವಂತೆ. ವಿದ್ಯುತ್ ಬೇಡ, ಯಂತ್ರ ಬೇಡ, ಓದು ಬಾರದವರಿಗೂ ಫಲಿತಾಂಶ ಕಾಣುತ್ತದೆ.

ಮಳೆಗಾಲ ಹಿಡಿದ ಮೇಲೆ ಊರಿನ ನೀರು ಪರೀಕ್ಷಿಸಲು ಹೊರಟಾಗ ಮೊದಲ ಬಾಟಲಿಗಳನ್ನು ನಮ್ಮ ಮನೆಯಲ್ಲೇ ತುಂಬಿದೆ. ಒಂದು ಬಾವಿಯ ನೀರಿಗೆ, ಒಂದು ನಳದ ನೀರಿಗೆ. ಎರಡಕ್ಕೂ ಚೀಟಿ ಅಂಟಿಸಿ ಅಡಿಗೆ ಮನೆಯ ಒಲೆಯ ಮೇಲಿನ ಹಲಗೆಯಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕ ಇಟ್ಟೆ. ಮರುದಿನ ಬೆಳಿಗ್ಗೆ ಚಹಾಕ್ಕೆ ನೀರಿಡುವಾಗ ನೋಡಿದರೆ ಒಂದು ಬಾಟಲಿಯ ತಳದಲ್ಲಿ ಹೊಗೆ ಕಟ್ಟಿದಂತೆ ಮಸುಕು. ಸಂಜೆಯ ಹೊತ್ತಿಗೆ ಅದು ಮಸಿ ಕಲಸಿದ ಬಣ್ಣಕ್ಕೆ ತಿರುಗಿ, ಕಾಗದದ ತುಂಡೂ ಕಾಣದಾಯಿತು. ಚೀಟಿ ಅದಲುಬದಲಾಗಿರಬೇಕೆಂದು ಇನ್ನೊಂದು ಬಾಟಲಿ ತೆಗೆದು ಬಾವಿಯ ನೀರನ್ನು ಮತ್ತೆ ತುಂಬಿಟ್ಟೆ. ಅದೂ ಕಪ್ಪಾಯಿತು. ಮದ್ದಿನ ವಾಸನೆಯ ನಳದ ನೀರು ಮಾತ್ರ ಕೊನೆಯವರೆಗೂ ತಿಳಿಯಾಗಿಯೇ ಉಳಿಯಿತು.

ಅತ್ತೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. “ನೀನು ಏನೋ ಹಾಕಿದ್ದೀಯೆ, ಅದಕ್ಕೆ ಕಪ್ಪಾಗಿದೆ” ಎಂದರು.

“ಎರಡಕ್ಕೂ ಹಾಕಿದ್ದು ಒಂದೇ ಅತ್ತೆ. ನಳದ್ದು ಕಪ್ಪಾಗಲಿಲ್ಲವಲ್ಲ.”

“ಅರವತ್ತು ವರ್ಷ ಇದೇ ನೀರು ಕುಡಿದಿದ್ದೇನೆ. ನನಗೇನಾಗಿದೆ?”

ಈ ಪ್ರಶ್ನೆಗೆ ಉತ್ತರ ಕೊಡುವ ಧೈರ್ಯ ಯಾವ ಸೊಸೆಗೂ ಇರುವುದಿಲ್ಲ. ಆದರೆ ಪ್ರತಿ ಜುಲೈನಲ್ಲಿ ಮಕ್ಕಳಿಗೆ ಬರುವ ವಾಂತಿಭೇದಿಯನ್ನು ನಾವೆಲ್ಲ ಹಲಸಿನ ಹಣ್ಣಿನ ತಲೆಗೆ ಕಟ್ಟುತ್ತಾ ಬಂದಿದ್ದೆವು ಎಂಬುದು ನನಗೆ ಆಗ ನೆನಪಾಯಿತು. ಅಂದಿನಿಂದ ಕುಡಿಯುವ ನೀರನ್ನು ಕುದಿಸಲು ಶುರುಮಾಡಿದೆ. ಕುದಿಸಿದ ನೀರು ಸಪ್ಪೆ ಎಂದು ಅತ್ತೆ ತಮ್ಮ ತಂಬಿಗೆಗೆ ನೇರ ಬಾವಿಯದನ್ನೇ ತುಂಬಿಕೊಳ್ಳುತ್ತಿದ್ದರು.

ಬಾಟಲಿ ಹೇಳುವುದು ಇದೆಯೋ ಇಲ್ಲವೋ ಎಂಬುದನ್ನಷ್ಟೇ, ಎಷ್ಟಿದೆ ಎಂಬುದನ್ನಲ್ಲ. ಆದ್ದರಿಂದ ಮಾದರಿಯನ್ನು ಪ್ರಯೋಗಾಲಯಕ್ಕೂ ಕಳುಹಿಸಿದೆವು. ಕುದಿಸಿ ಶುದ್ಧ ಮಾಡಿದ ಬಾಟಲಿಯನ್ನು ಅವರೇ ಕೊಡುತ್ತಾರೆ. ಬಾಯಿಗೆ ಬೆರಳು ತಾಗಿಸಬಾರದು, ಮಂಜುಗಡ್ಡೆಯಲ್ಲಿ ಇಟ್ಟು ಅದೇ ದಿನ ತಲುಪಿಸಬೇಕು. ಮಂಜುಗಡ್ಡೆಗೆ ನಮ್ಮಲ್ಲಿ ಬರವಿಲ್ಲ. ಮೀನು ಮಾರುವವರ ಥರ್ಮೊಕೋಲ್ ಪೆಟ್ಟಿಗೆಯಲ್ಲಿ, ಬಂಗಡೆಯ ವಾಸನೆಯ ನಡುವೆ, ನಮ್ಮ ಬಾವಿಯ ನೀರು ಬಸ್ಸಿನಲ್ಲಿ ಹೋಯಿತು. ವರದಿ ಬಂದಾಗ ಉಪ್ಪಿನ ಅಂಶ ಕಡಿಮೆಯೇ ಇತ್ತು. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು ಎಂಬುದು ಭಾರತೀಯ ಮಾನಕ, ನಮ್ಮದು ಅದರ ಒಳಗೇ ಇತ್ತು. ಅತ್ತೆಯ ನಾಲಿಗೆ ಸುಳ್ಳು ಹೇಳಿರಲಿಲ್ಲ. ಆದರೆ 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲೈ ಎಂಬ ಮಲದ ಬ್ಯಾಕ್ಟೀರಿಯಾ ಒಂದೂ ಇರಬಾರದು ಎಂಬ ಸಾಲಿನ ಎದುರು ‘ಇದೆ’ ಎಂದು ಬರೆದಿತ್ತು. ಅದಕ್ಕೆ ನಾಲಿಗೆಯ ಸಾಕ್ಷಿ ನಡೆಯುವುದಿಲ್ಲ.

ಮದ್ದು ಹಾಕುವ ಕ್ರಮವನ್ನು ತೋರಿಸಿಕೊಟ್ಟವರು ನಮ್ಮ ಊರಿನ ಆಶಾ ಕಾರ್ಯಕರ್ತೆ. ಬ್ಲೀಚಿಂಗ್ ಪೌಡರ್ ಎಂದರೆ ಒಂದು ಮುಷ್ಟಿ ತೆಗೆದು ಬಾವಿಗೆ ಎಸೆಯುವುದು ಎಂದು ನಾವು ತಿಳಿದಿದ್ದೆವು. ಪ್ರವಾಹದ ವರ್ಷ, 2019ರಲ್ಲಿ, ಹೊಳೆಯ ನೀರು ಅಂಗಳ ದಾಟಿ ಬಾವಿಕಟ್ಟೆಯ ಮೇಲೆ ಹರಿದು ಇಳಿದ ಮೇಲೆ ಊರಿನ ಬಾವಿಗಳಿಗೆಲ್ಲ ಹಾಗೆಯೇ ಎಸೆದದ್ದು. ಈ ಆಶಾ ಅಕ್ಕ ಮೊದಲು ಕೇಳಿದ್ದೇ ಬಾವಿಯ ಅಳತೆ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಒದ್ದೆಯಾದಷ್ಟು ಉದ್ದವನ್ನು ಟೇಪಿನಲ್ಲಿ ಅಳೆದೆವು. ನೀರಿನ ಆಳ 4 ಮೀಟರ್. ಬಾವಿಯ ಅಗಲ 2 ಮೀಟರ್. ಅಗಲವನ್ನು ಅಗಲದಿಂದ ಗುಣಿಸಿ, ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, ನಾಲ್ಕರಿಂದ ಭಾಗಿಸಿದರೆ ಘನಮೀಟರ್ ಸಿಗುತ್ತದೆ. ಹನ್ನೆರಡೂವರೆ ಘನಮೀಟರ್, ಅಂದರೆ ಹನ್ನೆರಡೂವರೆ ಸಾವಿರ ಲೀಟರ್. ಸಾವಿರ ಲೀಟರಿಗೆ ಒಳ್ಳೆಯ ಪೌಡರ್ ಎರಡೂವರೆ ಗ್ರಾಂ ಎಂಬ ಲೆಕ್ಕದಲ್ಲಿ ನಮ್ಮ ಬಾವಿಗೆ ಬೇಕಾದದ್ದು 31 ಗ್ರಾಂ.

31 ಗ್ರಾಂ ತೂಗುವುದೆಲ್ಲಿ? ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ. ಅಂಗಡಿಯ ಮಾಮ ಮೂಗು ಮುಚ್ಚಿಕೊಂಡು ತೂಗಿ ಕೊಟ್ಟರು. ಆಮೇಲೆ ತಟ್ಟೆಯನ್ನು ತೊಳೆದು, ಒರೆಸಿ, ಅದರಲ್ಲೇ ಏಲಕ್ಕಿ ತೂಗುವುದು ಹೇಗೆ ಎಂದು ಗೊಣಗಿದರು. ಅದೂ ಸಾಲಲಿಲ್ಲ. ಪೌಡರ್ ಹೊಸದಾಗಿದ್ದರೆ ಅದರಲ್ಲಿ ಮೂರನೇ ಒಂದು ಭಾಗ ಕ್ಲೋರಿನ್ ಇರುತ್ತದೆ. ಗಾಳಿ, ಬೆಳಕು, ತೇವ ತಾಗಿದಂತೆಲ್ಲ ಅದು ಹಾರಿಹೋಗುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಕರಾವಳಿಯಲ್ಲಿ ಹಪ್ಪಳವೇ ಗರಿಗರಿಯಾಗಿ ಉಳಿಯುವುದಿಲ್ಲ, ಬಿಚ್ಚಿದ ಚೀಲದ ಬ್ಲೀಚಿಂಗ್ ಪೌಡರ್ ಉಳಿಯುತ್ತದೆಯೇ? ಅಕ್ಕ ಬೆರಳಲ್ಲಿ ಹಿಸುಕಿ ನೋಡಿ, ಗಂಟು ಕಟ್ಟಿದೆ, ಇಮ್ಮಡಿ ಹಾಕೋಣ ಎಂದರು.

ಸಂಜೆ ಎಲ್ಲರೂ ನೀರು ಸೇದಿ ಮುಗಿಸಿದ ಮೇಲೆ ಕೆಲಸ ಶುರು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪೌಡರಿಗೆ ಸ್ವಲ್ಪ ಸ್ವಲ್ಪವೇ ನೀರು ಹಾಕುತ್ತಾ ದೋಸೆಹಿಟ್ಟಿನ ಹದಕ್ಕೆ ಕಲಸಬೇಕು. ಗಂಟು ಉಳಿಯಬಾರದು. ಆಮೇಲೆ ಬಕೆಟ್ಟಿನ ಮುಕ್ಕಾಲು ಭಾಗಕ್ಕೆ ನೀರು ತುಂಬಿ ಕಲಕಿ, ಹತ್ತು ನಿಮಿಷ ಹಾಗೇ ಬಿಡಬೇಕು. ಸುಣ್ಣ ತಳಕ್ಕೆ ಕೂರುತ್ತದೆ, ಮೇಲೆ ತಿಳಿನೀರು ನಿಲ್ಲುತ್ತದೆ. ಆ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿಕೊಳ್ಳಬೇಕು. ತಳದ ಸುಣ್ಣವನ್ನು ಬಾವಿಗೆ ಹಾಕಿದರೆ ನೀರು ಗಡಸಾಗುತ್ತದೆ. ನಾವು ಅಷ್ಟು ವರ್ಷ ಮುಷ್ಟಿಗಟ್ಟಲೆ ಎಸೆದದ್ದರಲ್ಲಿ ಬಹುಪಾಲು ಈ ಸುಣ್ಣವೇ, ಸೀದಾ ಬಾವಿಯ ತಳಕ್ಕೆ ಹೋಗಿ ಕುಳಿತಿತ್ತು.

ತಿಳಿಯ ಬಕೆಟ್ಟನ್ನು ಗಡಗಡೆಯ ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಸಿ, ನೀರಿನ ಮಟ್ಟಕ್ಕಿಂತ ಕೆಳಗೆ ಮುಳುಗಿಸಿ, ಮೇಲೆ ಕೆಳಗೆ, ಆಚೆ ಈಚೆ ಜೋರಾಗಿ ಕುಲುಕಬೇಕು. ಮೇಲಿನಿಂದ ಸುರಿದರೆ ಮದ್ದು ಮೇಲೇ ಉಳಿಯುತ್ತದೆ. ನಾನು ಎಳೆದೆ, ಅಕ್ಕ ಎಳೆದರು, ನನ್ನ ಗಂಡ ಬಂದು ಎಳೆದರು. ಚಿರೇಕಲ್ಲಿನ ಗೋಡೆಗೆ ಬಕೆಟ್ಟು ಬಡಿದು ಬಾವಿಯೆಲ್ಲ ಗುಡುಗಿತು, ಗೋಡೆಯ ಸಂದಿನಲ್ಲಿದ್ದ ಕಪ್ಪೆಗಳು ಅಲ್ಲಿಂದಿಲ್ಲಿಗೆ ಜಿಗಿದವು. ಮದ್ದು ತನ್ನ ಕೆಲಸ ಮಾಡಲು ಕಡಿಮೆಯೆಂದರೆ ಒಂದು ತಾಸು ಬೇಕು. ನಾವು ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಸೀಸೆಯಲ್ಲಿ ನೀರು ಹಿಡಿದು ಹನಿ ಹಾಕಿದರೆ ನಿಂಬೆಹಳದಿ ಬಣ್ಣ ಬಂತು. ಕ್ಲೋರಿನ್ ಇನ್ನೂ ಉಳಿದಿದೆ ಎಂದು ಅರ್ಥ. ಅತ್ತೆ ತಂಬಿಗೆ ಮೂಗಿಗೆ ಹಿಡಿದು, “ಈಗ ನನ್ನ ಬಾವಿಗೂ ನಳದ ವಾಸನೆ ಹಚ್ಚಿದಿರಿ” ಎಂದರು.

ವಾಸನೆ ಪೂರ್ತಿ ಹೋದ ಮೇಲೆಯೇ ಮತ್ತೆ ಬಾಟಲಿ ತುಂಬಿದ್ದು. ಕ್ಲೋರಿನ್ ಇರುವಾಗ ಪರೀಕ್ಷೆ ಮಾಡಿದರೆ ಬಾಟಲಿಯೊಳಗೂ ಅದು ಕೊಲ್ಲುತ್ತಲೇ ಇರುತ್ತದೆ, ಫಲಿತಾಂಶ ಸುಳ್ಳಾಗುತ್ತದೆ. ಬಾಟಲಿ ತಿಳಿಯಾಗಿಯೇ ಇತ್ತು. ಮನೆಯಲ್ಲಿ ಎಲ್ಲರಿಗೂ ನಿರಾಳ. ಆಮೇಲೆ ಒಂದು ಅಡ್ಡಮಳೆ ಹೊಡೆಯಿತು. ಮತ್ತೊಂದು ಬಾಟಲಿ ತುಂಬಿಟ್ಟೆ. ಮಸಿಯಷ್ಟೇ ಕಪ್ಪು.

ಅಂದರೆ ಕೊಳಕು ಬಾವಿಯಲ್ಲಿ ಹುಟ್ಟಿದ್ದಲ್ಲ, ಎಲ್ಲಿಂದಲೋ ಬರುತ್ತಿತ್ತು. ಬಾವಿಯಿಂದ ಶೌಚಗುಂಡಿ, ಇಂಗುಗುಂಡಿ, ಕಸದ ಗುಂಡಿಗಳು ಕಡಿಮೆಯೆಂದರೆ 15 ಮೀಟರ್ ದೂರವಿರಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ ಮೀಟರಿಗೊಂದು ಗಂಟು ಹಾಕಿ ಹಿತ್ತಲೆಲ್ಲ ಅಳೆದೆ. ಶೌಚಗುಂಡಿ ದೂರವೇ ಇತ್ತು. ಬಚ್ಚಲ ನೀರು ಹರಿದು ಸೇರುವ ತೆಂಗಿನ ಬುಡ ಆರು ಗಂಟು. ಹಿತ್ತಲ ಕಸದ ಗುಂಡಿ ಐದೇ ಗಂಟು, ಅದೂ ಬಾವಿಗಿಂತ ಎತ್ತರದಲ್ಲಿ.

ಈ ಗುಂಡಿಯನ್ನು ತೋಡಿದವರು ನನ್ನ ಮಾವನವರು. ಅವರ ಕಾಲಕ್ಕೆ ಅದು ತಪ್ಪಲ್ಲ. ಅದಕ್ಕೆ ಬೀಳುತ್ತಿದ್ದದ್ದು ಒಲೆಯ ಬೂದಿ, ದರಕು ಎಂದರೆ ಒಣಗಿದ ಎಲೆ, ತರಕಾರಿ ಸಿಪ್ಪೆ. ಈಗ ಅದರಲ್ಲಿ ಏನಿತ್ತೆಂದು ಕೋಲಿನಿಂದ ಕೆದಕಿ ನೋಡಿದೆ. ಮಗುವಿನ ಡೈಪರ್, ಕೋಳಿಯ ಪುಕ್ಕ, ಮೀನು ಕೊಯ್ದ ಕರುಳು, ಬಳಚಿನ (ಕಪ್ಪೆಚಿಪ್ಪಿನ ಜಾತಿಯದು) ಚಿಪ್ಪು, ಮಾತ್ರೆಯ ಹಾಳೆ, ಶ್ಯಾಂಪೂ ಚೀಟಿ. ಮಳೆಗಾಲವಾದ್ದರಿಂದ ಗುಂಡಿಯಲ್ಲಿ ನೀರು ನಿಂತಿತ್ತು. ನನ್ನ ಗಂಡ ಉದ್ದದ ಪಾರದರ್ಶಕ ನಳಿಕೆಯಲ್ಲಿ ನೀರು ತುಂಬಿ, ಮನೆ ಕಟ್ಟುವಾಗ ಮೇಸ್ತ್ರಿಗಳು ಮಟ್ಟ ನೋಡುವಂತೆ, ಗುಂಡಿಯ ನೀರಿಗೂ ಬಾವಿಯ ನೀರಿಗೂ ಮಟ್ಟ ಹಿಡಿದರು. ವ್ಯತ್ಯಾಸ ಒಂದು ಗೇಣೂ ಇರಲಿಲ್ಲ. ಬೇಸಗೆಯಲ್ಲಿ ಬಾವಿಯ ನೀರು ಎಷ್ಟೋ ಆಳದಲ್ಲಿರುತ್ತದೆ, ಗುಂಡಿ ಒಣಗಿರುತ್ತದೆ. ಜುಲೈನಲ್ಲಿ ನೆಲದೊಳಗಿನ ನೀರು ಮೇಲೆದ್ದು ಬಂದಾಗ ಎರಡೂ ಒಂದೇ ನೀರು. ನಡುವೆ ಇರುವುದು ಐದು ಮೀಟರ್ ಮರಳುಮಣ್ಣು ಮತ್ತು ತೂತು ತೂತಾದ ಚಿರೇಕಲ್ಲು. ಇಷ್ಟು ವಾದ ಮಾಡಿಯೂ ಒಪ್ಪದ ಅತ್ತೆ ಆ ನಳಿಕೆಯ ಮಟ್ಟ ನೋಡಿ ಸುಮ್ಮನಾದರು. ಮರುದಿನ ತಮ್ಮ ತಂಬಿಗೆಗೆ ಕುದಿಸಿದ ನೀರು ಕೇಳಿದರು.

ಗುಂಡಿ ಮುಚ್ಚುವುದು ಸುಲಭ. ದಿನವೂ ಹುಟ್ಟುವ ಕಸವನ್ನು ಎಲ್ಲಿಗೆ ಹಾಕುವುದು? ಇಲ್ಲಿ ಪಂಚಾಯಿತಿಯ ‘ಸ್ವಚ್ಛ ವಾಹಿನಿ’ ನೆರವಿಗೆ ಬಂತು. ಗಾಡಿ ಮೊದಲಿನಿಂದಲೂ ರಸ್ತೆಯ ತುದಿಗೆ ಬರುತ್ತಿತ್ತು, ನಾವು ಕಸ ಕೊಡುತ್ತಿರಲಿಲ್ಲ ಅಷ್ಟೇ. ಸ್ವಸಹಾಯ ಸಂಘದ ಹುಡುಗಿಯೇ ಅದನ್ನು ಓಡಿಸುವವಳು. ಮೊದಲ ದಿನ ಅತ್ತೆ ಕಸದ ಚೀಲ ಹಿಡಿದು ಹೋಗಿ, ಚೀಲ ಕೊಡುವ ಮೊದಲು “ನೀನು ಯಾರ ಮನೆಯವಳು ತಂಗೀ?” ಎಂದು ಅವಳ ಮೂರು ತಲೆಮಾರು ವಿಚಾರಿಸಿಕೊಂಡರು. ಅವಳು ಉತ್ತರ ಹೇಳುತ್ತಲೇ ಚೀಲ ಬಿಚ್ಚಿ ನೋಡಿ ಮರಳಿಸಿದಳು. “ಅಮ್ಮಾ, ಹಸಿ ಕಸ ನಾವು ಒಯ್ಯುವುದಿಲ್ಲ. ಒಣ ಕಸ ಮಾತ್ರ, ಅದೂ ತೊಳೆದು ಕೊಡಬೇಕು.” ಕಸವನ್ನು ತೊಳೆಯಬೇಕೆಂಬ ಮಾತು ಅತ್ತೆಗೆ ಅಂದಿಡೀ ನಗೆಯ ಸಾಮಗ್ರಿಯಾಯಿತು.

ಯಾಕೆ ತೊಳೆಯಬೇಕೆಂದು ನಾನು ಅವಳನ್ನೇ ಕೇಳಿದೆ. ಗಾಡಿಯ ಕಸವೆಲ್ಲ ಹೋಗುವುದು ‘ಸ್ವಚ್ಛ ಸಂಕೀರ್ಣ’ ಎಂಬ ಶೆಡ್ಡಿಗೆ. ಅಲ್ಲಿ ಕೈಯಲ್ಲೇ ವಿಂಗಡಿಸುತ್ತಾರೆ. ಹಾಲಿನ ಕೊಟ್ಟೆ (ಪ್ಲಾಸ್ಟಿಕ್ ಚೀಲ), ನೀರಿನ ಬಾಟಲಿ, ರಟ್ಟು, ತಗಡು ಇವಕ್ಕೆ ಗುಜರಿಯವರು ಬೆಲೆ ಕೊಡುತ್ತಾರೆ. ಹಾಲು ಹಳಸಿ ಹುಳ ಬಿದ್ದ ಕೊಟ್ಟೆಗೆ ಕೊಡುವುದಿಲ್ಲ. ಚಿಪ್ಸ್, ಗುಟ್ಕಾದ ಹೊಳೆಯುವ ಚೀಟಿಗಳನ್ನಂತೂ ಯಾರೂ ಕೊಳ್ಳುವುದಿಲ್ಲ, ಅದರಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಲೋಹದ ಪದರ ಅಂಟಿರುತ್ತದೆ. ಡೈಪರ್, ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಬೇಕು. ಗುರುತು ಇಲ್ಲದಿದ್ದರೆ ಅವಳ ಸಂಗಡದ ಹೆಂಗಸರು ಕೈ ಹಾಕುತ್ತಾರೆ. ಇದನ್ನು ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೇ ಮುಖ ತಗ್ಗಿತು.

ನಿಜವಾದ ಜಗಳ ನಡೆದದ್ದು ಬಚ್ಚಲ ಒಲೆಯ ಮುಂದೆ. ನಮ್ಮ ಕಡೆ ಹಂಡೆಯ ನೀರು ಕಾಯಿಸಲು ಒಲೆ ಹಚ್ಚುವುದು ಪ್ಲಾಸ್ಟಿಕ್ ಕೊಟ್ಟೆಯಿಂದ. ಮಳೆಗಾಲದ ಹಸಿ ಕಟ್ಟಿಗೆ, ಒದ್ದೆ ತೆಂಗಿನ ಗರಿಗೆ ಬೆಂಕಿ ಹಿಡಿಯಬೇಕಾದರೆ ಒಂದು ಕೊಟ್ಟೆ ಉರಿಸಿದರೆ ಸಾಕು. ಅದರ ಹೊಗೆ ಬಚ್ಚಲಲ್ಲೇ ಸುತ್ತುತ್ತದೆ, ಮಿಂದವರ ಎದೆಗೆ ಹೋಗುತ್ತದೆ, ಬೂದಿ ಪಾತ್ರೆ ತಿಕ್ಕಲು ಬರುತ್ತದೆ. ಇದನ್ನು ಹೇಳಿದರೆ ಅತ್ತೆ, “ಹಾಗಾದರೆ ಒಲೆ ನೀನೇ ಹಚ್ಚು” ಎಂದರು. ಹಚ್ಚಿದೆ. ಊದುಗೊಳವೆ ಊದಿ ಊದಿ ಕಣ್ಣು ಕೆಂಪಾಯಿತು. ಬೇಸಗೆಯಲ್ಲೇ ತೆಂಗಿನ ಗರಟೆಯನ್ನು, ಒಣ ಕತ್ತವನ್ನು ಅಟ್ಟಕ್ಕೆ ತುಂಬಿಟ್ಟುಕೊಂಡರೆ ಕೊಟ್ಟೆ ಬೇಡ ಎಂಬುದು ಗೊತ್ತಾಯಿತು. ಆ ವರ್ಷಕ್ಕೆ ತಡವಾಗಿತ್ತು. ಅರ್ಧ ಮಳೆಗಾಲ ಕೊಟ್ಟೆಯೇ ಉರಿಯಿತು.

ಹಸಿ ಕಸಕ್ಕೆ ಮತ್ತೆ ಗುಂಡಿ ತೋಡುವಂತಿರಲಿಲ್ಲ, ಎಲ್ಲಿ ತೋಡಿದರೂ ಜೂನ್‌ನಲ್ಲಿ ನೀರು. ಆದ್ದರಿಂದ ನೆಲದ ಮೇಲೆಯೇ, ಬಾವಿಯಿಂದ ಇಳಿಜಾರಿನ ಕಡೆಗೆ, ಹಿತ್ತಲ ಕೊನೆಯಲ್ಲಿ ಚಿರೇಕಲ್ಲಿನ ಮೂರಡಿ ಗೋಡೆ ಕಟ್ಟಿ ಮೇಲೆ ತೆಂಗಿನ ಗರಿಯ ಮಡಲು ಹೊದೆಸಿದೆವು. ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ದರಕು. ದರಕು ಕಡಿಮೆಯಾದರೆ ನಾರುತ್ತದೆ, ಜಾಸ್ತಿಯಾದರೆ ಕೊಳೆಯುವುದೇ ಇಲ್ಲ. ಮೀನಿನ ಕರುಳನ್ನು ಮಾತ್ರ ಅದಕ್ಕೆ ಹಾಕುವಂತಿಲ್ಲ, ನಾಯಿಗಳು ಮಡಲನ್ನೇ ಎಳೆದು ಹಾಕಿದವು. ಅದನ್ನು ದೂರದ ತೆಂಗಿನ ಬುಡದಲ್ಲಿ ಒಂದೂವರೆ ಅಡಿ ಆಳಕ್ಕೆ ಹೂತು ಮೇಲೆ ಕಲ್ಲು ಹೇರುತ್ತೇವೆ. ಬಳಚಿನ ಚಿಪ್ಪು ಕೊಳೆಯುವ ವಸ್ತುವಲ್ಲ, ಕೊಟ್ಟಿಗೆಯ ದಾರಿಯ ಕೆಸರಿಗೆ ಹರವಿದರೆ ಕಾಲು ಜಾರುವುದಿಲ್ಲ. ಬಚ್ಚಲ ನೀರಿಗೆ ಕೊಳವೆ ಹಾಕಿ ಬಾಳೆಗಿಡಗಳ ಸಾಲಿಗೆ ತಿರುಗಿಸಿದೆವು. ಬಾವಿಯ ಸುತ್ತ ಒಂದು ಮೀಟರ್ ಸಿಮೆಂಟು ಕಟ್ಟೆ ಹಾಕಿಸಿ, ಸೇದಿದ ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕೊಟ್ಟೆವು. ಹಳೆಯ ಗುಂಡಿಯ ಕಸವನ್ನೆಲ್ಲ ಎತ್ತಿ ವಿಂಗಡಿಸಿದ್ದನ್ನು ಮಾತ್ರ ವಿವರಿಸುವುದಿಲ್ಲ. ಓದುವವರು ಊಟಕ್ಕೆ ಮುಂಚೆ ಓದುತ್ತಿರಬಹುದು.

ಮರುವರ್ಷದ ಮಳೆಗೆ ಬಾಟಲಿ ತುಂಬಿಟ್ಟಾಗ ಮನೆಯವರೆಲ್ಲ ಹಲಗೆಯ ಕಡೆಗೇ ನೋಡುತ್ತಿದ್ದರು. ಮೊದಲ ದಿನ ತಿಳಿಯಾಗಿತ್ತು. ಎರಡನೆಯ ದಿನ ಸಂಜೆ ತಳದಲ್ಲಿ ಬೂದು ಬಣ್ಣ ಕಾಣಿಸಿತು. ಮೊದಲಿನಷ್ಟು ಬೇಗ ಅಲ್ಲ, ಮೊದಲಿನಷ್ಟು ಕಪ್ಪೂ ಅಲ್ಲ. ಆದರೂ ನೀರು ಕುಡಿಯಲು ಬಾರದು ಎಂದೇ ಅರ್ಥ, ಈ ಪರೀಕ್ಷೆಯಲ್ಲಿ ಅರ್ಧ ಪಾಸು ಎಂಬುದಿಲ್ಲ.

ಮತ್ತೆ ಗಂಟುಹಗ್ಗ ತೆಗೆದೆ. ನಮ್ಮ ಹಿತ್ತಲಲ್ಲಿ ಅಳೆಯಲು ಏನೂ ಉಳಿದಿರಲಿಲ್ಲ. ಬೇಲಿಯ ಆಚೆ ನನ್ನ ಗಂಡನ ದೊಡ್ಡಪ್ಪನ ಮಗನ ಮನೆ. ಅವರ ಶೌಚಗುಂಡಿ ಅವರ ಬಾವಿಯಿಂದ ದೂರ ಇರಲೆಂದು ನಮ್ಮ ಬೇಲಿಗೆ ತಾಗಿಸಿ ಕಟ್ಟಿದ್ದಾರೆ. ನಮ್ಮ ಬಾವಿಗೆ ಎಂಟು ಗಂಟು. ನಿಯಮದ ಪ್ರಕಾರವೇ ಕಟ್ಟಿದ್ದು, ಅವರ ಬಾವಿಯ ಲೆಕ್ಕದಲ್ಲಿ. ಇದನ್ನು ಹೇಳುವುದು ಹೇಗೆ? ಎರಡೂ ಮನೆಯ ನಡುವೆ ತೆಂಗಿನ ಮರವೊಂದರ ವಿಷಯಕ್ಕೆ ಹಿಂದೆ ಮಾತು ನಿಂತು, ಈಚೆಗಷ್ಟೇ ಸರಿಯಾಗಿತ್ತು.

ಕಡೆಗೆ ನಾನು ಗುಂಡಿಯ ಮಾತು ಎತ್ತಲೇ ಇಲ್ಲ. ಆ ಮನೆಯ ಒಡತಿಯ ಹತ್ತಿರ “ಅಕ್ಕಾ, ನಿಮ್ಮ ಬಾವಿಗೂ ಒಂದು ಬಾಟಲಿ ಇಡುತ್ತೇನೆ” ಎಂದೆ. ಅವರದು ಒಂದೇ ದಿನದಲ್ಲಿ ಕಪ್ಪಾಯಿತು. ಅವರ ಹಿತ್ತಲಲ್ಲೂ ಬಾವಿಯ ಪಕ್ಕದಲ್ಲೇ ಅಂಥದೇ ಕಸದ ಗುಂಡಿಯಿದೆ. ಈಗ ಭಾವನವರೇ ಹಗ್ಗ ಹಿಡಿದು ಎಲ್ಲವನ್ನೂ ಅಳೆಯುತ್ತಿದ್ದಾರೆ, ಬೇಲಿಯ ಹತ್ತಿರದ ಗುಂಡಿಯನ್ನೂ ಅವರೇ ಅಳೆದರು. ಕಸದ ಗುಂಡಿಯನ್ನು ಈ ಮಳೆ ಮುಗಿದ ಕೂಡಲೇ ಮುಚ್ಚುತ್ತಾರೆ. ಶೌಚಗುಂಡಿಯನ್ನು ಸರಿಸಲು ಅವರ ಜಾಗ ಸಾಲದು. ನಮ್ಮ ಹಿತ್ತಲ ಕೊನೆಯಲ್ಲಿ, ಎರಡೂ ಬಾವಿಗಳಿಂದ ದೂರವಾಗುವಂತೆ, ಒಂದಿಷ್ಟು ಜಾಗ ಕೊಡಬೇಕೋ ಬೇಡವೋ ಎಂಬ ಮಾತು ಅತ್ತೆ ಮತ್ತು ಅವರ ಮಗನ ನಡುವೆ ನಡೆದಿದೆ. ಆ ತೆಂಗಿನ ಮರದ ವಿಷಯ ಮತ್ತೆ ಬಂದಿದೆ. ಸದ್ಯಕ್ಕೆ ಎರಡೂ ಮನೆಯವರು ಕುಡಿಯುವುದು ನಳದ ನೀರು. ಬಾವಿಯದು ಮೀಯಲು, ಬಟ್ಟೆಗೆ, ಎಮ್ಮೆಗೆ.